ನಿಂತ ಬಸ್ಸು, ಚಾಚದ ಕೈ

ನಮ್ಮ ಊರಿನ ಬಸ್ ನಿಲ್ದಾಣವೆಂದರೆ ಒಂದು ಗೋಳಿಮರ, ಒಂದು ಗೂಡಂಗಡಿ ಮತ್ತು ಮಳೆಗಾಲದಲ್ಲಿ ತುಂಬಿ ಹರಿಯುವ ಒಂದು ಚರಂಡಿ. ರಾಷ್ಟ್ರೀಯ ಹೆದ್ದಾರಿ 66ರಿಂದ ಕವಲೊಡೆದು ಒಳಗೆ ಬರುವ ಆ ರಸ್ತೆಯಲ್ಲಿ ಬಸ್ಸಿಗೆ ನಿಲ್ಲಲು ಬೇರೆ ಜಾಗವಿಲ್ಲ. ಡಾಂಬರಿನ ಮೇಲೆಯೇ ನಿಲ್ಲಬೇಕು. ಬೆಳಗಿನ ಮದ್ರಸ ಬಿಟ್ಟ ಬಳಿಕ ಎಂಟೂವರೆಯ ಹೊತ್ತಿಗೆ ನಾವು ಅದೇ ದಾರಿಯಾಗಿ ಸೈಕಲ್ಲಿನಲ್ಲಿ ಮನೆಗೆ ಮರಳುವುದು ಹದಿನೆಂಟು ವರ್ಷಗಳ ರೂಢಿ. ಈ ಹದಿನೆಂಟು ವರ್ಷಗಳಲ್ಲಿ ಆ ಗೋಳಿಮರದ ಬಳಿ ನಿಂತ ಬಸ್ಸನ್ನು ನಾವು ಸಾವಿರಾರು ಬಾರಿ ದಾಟಿರಬಹುದು. ಅಷ್ಟು ಬಾರಿಯಲ್ಲಿ ಒಮ್ಮೆಯೂ ಬಲಗೈ ಚಾಚಿ ಹಿಂದಿನವರಿಗೆ ಸೂಚನೆ ಕೊಟ್ಟ ನೆನಪು ನಮಗಿಲ್ಲ. ಎರಡು ವರ್ಷಗಳ ಹಿಂದೆ, ಮಳೆಗಾಲ ಕಳೆದ ಒಂದು ಬೆಳಿಗ್ಗೆ, ಆ ಲೆಕ್ಕ ಚುಕ್ತಾ ಆಯಿತು.

ಅಂದು ಬಸ್ಸು ಎಂದಿನಂತೆ ನಿಂತಿತು. ಕಂಡಕ್ಟರ್ ಇಳಿದು, ಮುದುಕಿಯೊಬ್ಬರ ಅಕ್ಕಿಮುಡಿಯಂಥ ಗಂಟನ್ನು ಇಳಿಸುತ್ತಿದ್ದ. ನಾವು ಬಸ್ಸಿಗೆ ಹತ್ತು ಹನ್ನೆರಡು ಮಾರು ಹಿಂದಿದ್ದೆವು. ಪೆಡಲ್ ನಿಲ್ಲಿಸಲಿಲ್ಲ, ತಿರುಗಿ ನೋಡಲಿಲ್ಲ, ಎದುರಿನಿಂದ ಏನೂ ಬರುತ್ತಿಲ್ಲವೆಂಬುದನ್ನು ಮಾತ್ರ ಖಚಿತಪಡಿಸಿಕೊಂಡು ಹ್ಯಾಂಡಲನ್ನು ಬಲಕ್ಕೆ ವಾಲಿಸಿದೆವು. ಹಿಂದಿನಿಂದ ಬ್ರೇಕು ಚೀರಿದ ಸದ್ದು ಕೇಳಿಸಿತು. ಸ್ಕೂಟರೊಂದು ನಮ್ಮ ಬಲಮಗ್ಗುಲನ್ನು ಸವರಿಕೊಂಡು ಹೋಗಿ ರಸ್ತೆಯ ಆಚೆ ಅಂಚಿನ ಜಲ್ಲಿಯಲ್ಲಿ ಜಾರಿ ಬಿತ್ತು. ನಮಗಾಗಲಿ ಸೈಕಲ್ಲಿಗಾಗಲಿ ಒಂದು ಗೀರು ಬೀಳಲಿಲ್ಲ. ಬಿದ್ದವರು ಪಕ್ಕದ ಊರಿನ ಬಡಗಿ. ಅವರ ಬಲಗೈ ಮಣಿಕಟ್ಟು ಮುರಿದಿತ್ತು.

ಜನ ಸೇರಿದರು. ಆಮೇಲೆ ನಡೆದದ್ದೇ ನಮ್ಮನ್ನು ಇಂದಿಗೂ ಹೆಚ್ಚು ಕಾಡುವುದು. ಬಿಳಿ ಜುಬ್ಬಾ, ತಲೆಯ ಮೇಲೊಂದು ಟೋಪಿ, ಕೈಚೀಲದಲ್ಲಿ ಕಿತಾಬು ಇರುವ ಮನುಷ್ಯನನ್ನು ಕಂಡಾಗ ನಮ್ಮ ಊರಿನವರು ತೀರ್ಪು ಕೊಡಲು ಹೆಚ್ಚು ಯೋಚಿಸುವುದಿಲ್ಲ. "ಉಸ್ತಾದರದ್ದೇನು ತಪ್ಪು? ಎದುರಿಗೆ ಬಸ್ಸು ನಿಂತದ್ದು ಇವನ ಕಣ್ಣಿಗೆ ಕಾಣಲಿಲ್ಲವೇ?" ಎಂದು ಒಬ್ಬರು. "ಈ ಸ್ಕೂಟರಿನವರಿಗೆ ಯಾವಾಗಲೂ ಅವಸರ" ಎಂದು ಇನ್ನೊಬ್ಬರು. ಬಡಗಿ ಒಂದು ಮಾತೂ ಆಡದೆ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಕುಳಿತಿದ್ದರು. ನಾವೂ ಒಂದು ಮಾತು ಆಡಲಿಲ್ಲ. ರಿಕ್ಷಾ ಕರೆದು ಅವರನ್ನು ಹತ್ತಿಸಿದೆವು, ಆಸ್ಪತ್ರೆಯವರೆಗೆ ಜೊತೆಗೆ ಹೋದೆವು, ಅದನ್ನೇ ಒಂದು ಉಪಕಾರವೆಂಬಂತೆ ಅವರ ಮನೆಯವರು ನಮಗೆ ಕೃತಜ್ಞತೆ ಹೇಳಿದರು. ಅದನ್ನೂ ಸುಮ್ಮನೆ ಕೇಳಿಸಿಕೊಂಡೆವು.

ದರ್ಸಿನಲ್ಲಿದ್ದ ಕಾಲದಲ್ಲಿ ಫತ್‌ಹುಲ್ ಮುಈನ್ ಓದುವಾಗ, ಇನ್ನೊಬ್ಬರ ಸೊತ್ತಿಗೆ, ದೇಹಕ್ಕೆ ಆದ ಹಾನಿಯ ಹೊಣೆಗಾರಿಕೆಯ ಅಧ್ಯಾಯಗಳು ಬಂದಾಗ ನಮ್ಮ ಗುರುಗಳು ಒಂದು ವಿಷಯವನ್ನು ಬಿಡಿಸಿ ಹೇಳಿದ್ದರು. ಉದ್ದೇಶವಿಲ್ಲದೆ ನಡೆದುದಕ್ಕೆ ಪಾಪದ ಭಾರ ಇಲ್ಲದಿರಬಹುದು, ಆದರೆ ಹಾನಿಯ ಹೊಣೆ ಮಾತ್ರ ಅಷ್ಟರಿಂದ ಇಳಿದುಹೋಗುವುದಿಲ್ಲ. ಅದು ಅಲ್ಲಾಹನೊಂದಿಗಿನ ಲೆಕ್ಕವಲ್ಲ, ಮನುಷ್ಯನೊಂದಿಗಿನ ಲೆಕ್ಕ. ಅಂದು ಅದನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿದ್ದೆವು. ಆಸ್ಪತ್ರೆಯಿಂದ ಮರಳಿದ ರಾತ್ರಿಯಿಂದ ಆ ಪಾಠ ನಮ್ಮನ್ನು ಮಲಗಗೊಡಲಿಲ್ಲ. ಎಂಟನೆಯ ದಿನ ಬಡಗಿಯ ಮನೆಗೆ ಹೋದೆವು. ಹೋಗುವಾಗಲೂ ಮನಸ್ಸಿನಲ್ಲಿ ಒಂದು ವಾದ ಸಿದ್ಧವಾಗಿಯೇ ಇತ್ತು: ತಪ್ಪು ನಮ್ಮದೂ ಇದೆ ಎನ್ನೋಣ, ಆದರೆ ನಿಂತ ಬಸ್ಸು ಎಲ್ಲರಿಗೂ ಕಾಣುತ್ತದೆ, ಸೈಕಲ್ಲಿನವನು ಅದನ್ನು ಬಳಸಿಕೊಂಡು ಹೋಗುತ್ತಾನೆಂಬುದು ಯಾರಾದರೂ ಊಹಿಸಬೇಕಾದ ಸಂಗತಿ.

ಅವರು ನಮ್ಮ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಉಸ್ತಾದರೇ, ಬಸ್ಸು ನಿಂತದ್ದು ನನಗೂ ಕಂಡಿತ್ತು. ನೀವು ಅದರ ಹಿಂದೆ ನಿಲ್ಲುತ್ತೀರೋ, ದಾಟಿ ಹೋಗುತ್ತೀರೋ, ಅದು ಮಾತ್ರ ಗೊತ್ತಾಗಲಿಲ್ಲ."

ನಮ್ಮ ವಾದದಲ್ಲಿ ಇಲ್ಲದಿದ್ದುದು ಇದೊಂದೇ. ನಿಂತ ವಾಹನ ಎಲ್ಲರಿಗೂ ಕಾಣುತ್ತದೆ, ನಿಜ. ಆದರೆ ಅದರ ಹಿಂದೆ ಹೋಗುತ್ತಿರುವ ಸೈಕಲ್ಲಿನವನ ಮನಸ್ಸು ಯಾರಿಗೂ ಕಾಣುವುದಿಲ್ಲ. ಅವನ ಮುಂದೆ ಎರಡು ದಾರಿಗಳಿವೆ, ಹಿಂದಿನವನು ಅವೆರಡರಲ್ಲಿ ಒಂದನ್ನು ಊಹಿಸಬೇಕು. ಊಹೆ ತಪ್ಪಿದರೆ ತಿದ್ದಿಕೊಳ್ಳಲು ಸಿಗುವ ಸಮಯವೆಷ್ಟು ಎಂದು ನಾವು ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಸೈಕಲ್ಲು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ಚಲಿಸುತ್ತದೆ. ಸ್ಕೂಟರ್ 40 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ ಹನ್ನೊಂದು ಮೀಟರ್. ನಡುವೆ 30 ಮೀಟರ್ ಅಂತರವಿದ್ದರೂ ಅದು ಕರಗಿಹೋಗಲು ನಾಲ್ಕು ಸೆಕೆಂಡು ಸಾಕು. ಅಂಥ ನಾಲ್ಕು ಸೆಕೆಂಡಿನ ಆರಂಭದಲ್ಲಿ ಒಂದು ಕೈ ಚಾಚಿದ್ದರೆ ಆ ಮನುಷ್ಯನ ಮಣಿಕಟ್ಟು ಉಳಿಯುತ್ತಿತ್ತು.

ಆಸ್ಪತ್ರೆಯ ಖರ್ಚನ್ನು ಭರಿಸುತ್ತೇವೆಂದಾಗ ಅವರು ಒಪ್ಪಲಿಲ್ಲ. ಅವರ ಪತ್ನಿ ಒಳಗಿನಿಂದ, "ಕೊಡುವವರು ಮನಸ್ಸಾರೆ ಕೊಡುವಾಗ ಬೇಡ ಅನ್ನಬೇಡಿ, ಅವರ ಮನಸ್ಸಿನ ಭಾರವೂ ಇಳಿಯಲಿ" ಎಂದರು. ಖರ್ಚು ಮತ್ತು ಕೈ ಕಟ್ಟಿಟ್ಟುಕೊಂಡ ಆರು ವಾರಗಳ ಕೂಲಿಯ ಒಂದು ಪಾಲನ್ನು ಕಂತುಗಳಲ್ಲಿ ಸಲ್ಲಿಸಿದೆವು. ಗೂಡಂಗಡಿಯ ಮುಂದೆ, ಅಂದು ತೀರ್ಪು ಕೊಟ್ಟವರ ಎದುರಿಗೇ, ತಪ್ಪು ನಮ್ಮದಾಗಿತ್ತೆಂದು ಹೇಳಿದೆವು. ಹಣ ಕೊಡುವುದಕ್ಕಿಂತ ಕಷ್ಟವಾದದ್ದು ಇದು. ಒಬ್ಬರಂತೂ "ಉಸ್ತಾದರು ದೊಡ್ಡ ಮನಸ್ಸಿನವರು" ಎಂದು ಹೇಳಿ ಅದನ್ನೂ ನಮ್ಮ ಗುಣವಾಗಿ ಪರಿವರ್ತಿಸಿಬಿಟ್ಟರು.

ಅಂದಿನಿಂದ ನಾವು ಈ ವಿಷಯವನ್ನು ಸಿಕ್ಕವರೊಂದಿಗೆಲ್ಲ ಚರ್ಚಿಸಿದ್ದೇವೆ. ಸೈಕಲ್ಲಿನವನು ನಿಂತ ವಾಹನವನ್ನು ದಾಟುವಾಗ ಕೈಸನ್ನೆ ಮಾಡಬೇಕೇ? ಹೆಚ್ಚಿನವರು ನಗುತ್ತಾರೆ. ಸೈಕಲ್ಲು ಒಂದು ವಾಹನವೆಂಬ ಭಾವನೆಯೇ ನಮ್ಮಲ್ಲಿ ಅಳಿದುಹೋಗಿದೆ. ಹಿಂದೆ ಹಾಗಿರಲಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ಸೈಕಲ್ಲಿಗೆ ಪುರಸಭೆಯ ತಗಡಿನ ಬಿಲ್ಲೆ ಬೇಕಿತ್ತು; ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕುಳಿತು ಹೋದರೆ ಪೊಲೀಸರು ತಡೆದು ದಂಡ ಹಾಕುತ್ತಿದ್ದರು. ಇಂದು ಆ ಬಿಲ್ಲೆಯೂ ಇಲ್ಲ, ಆ ತಡೆಯೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯು ಹೆಸರೇ ಹೇಳುವಂತೆ ಮೋಟಾರು ಇರುವ ವಾಹನಗಳದ್ದು. ಸೈಕಲ್ಲಿಗೆ ಪರವಾನಗಿ ಇಲ್ಲ, ಪರೀಕ್ಷೆ ಇಲ್ಲ, ಆದ್ದರಿಂದ ಕಲಿಕೆಯೂ ಇಲ್ಲ. ಚೌಕಟ್ಟಿನೊಳಗೆ ಕಾಲು ತೂರಿಸಿ ಅರ್ಧ ಪೆಡಲ್ ತುಳಿದು, ಬಿದ್ದು ಮೊಣಕಾಲು ಕೆತ್ತಿಕೊಂಡು, ಬೀಳದಿರುವುದನ್ನು ಕಲಿತ ದಿನವೇ ನಮ್ಮ ಸೈಕಲ್ ವಿದ್ಯಾಭ್ಯಾಸ ಮುಗಿದಿತ್ತು. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ದೂರದ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಅದರಿಂದ ಹೈಸ್ಕೂಲು ಕಂಡರು, ನಮ್ಮ ಮನೆಗಳ ಮಕ್ಕಳೂ ಅವರಲ್ಲಿದ್ದರು. ಆದರೆ ನಾವು ಕಂಡ ಮಟ್ಟಿಗೆ ಸೈಕಲ್ಲಿನೊಂದಿಗೆ ಬೀಗದ ಕೈ ಸಿಕ್ಕಿತು, ರಸ್ತೆಯ ಪಾಠ ಸಿಗಲಿಲ್ಲ.

ಮೋಟಾರು ವಾಹನದವರಿಗೆ ಮಾತ್ರ ಈ ಸನ್ನೆ ಹೊಸದೇನಲ್ಲ. 1989ರ ರಸ್ತೆ ನಿಯಮಾವಳಿಯಲ್ಲಿ ಅದು ಸ್ಪಷ್ಟವಾಗಿತ್ತು: ಬಲಕ್ಕೆ ತಿರುಗುವಾಗ ಮಾತ್ರವಲ್ಲ, ಇನ್ನೊಂದು ವಾಹನವನ್ನು ದಾಟಲೆಂದು ರಸ್ತೆಯ ಬಲಭಾಗಕ್ಕೆ ಸರಿಯುವಾಗಲೂ ಬಲಗೈಯನ್ನು ನೆಲಕ್ಕೆ ಸಮಾನಾಂತರವಾಗಿ ಹೊರಚಾಚಿ ಅಂಗೈಯನ್ನು ಮುಂದಕ್ಕೆ ತೋರಿಸಬೇಕು. ವೇಗ ತಗ್ಗಿಸುವಾಗ ಚಾಚಿದ ಕೈಯ ಅಂಗೈಯನ್ನು ಕೆಳಮುಖ ಮಾಡಿ ಮೇಲೆ ಕೆಳಗೆ ಆಡಿಸಬೇಕು. 2017ರಲ್ಲಿ ಆ ನಿಯಮಾವಳಿಯ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಮಿನುಗುವ ದೀಪಗಳು ಬಂದ ಮೇಲೆ ಕೈಗಳು ಗಾಡಿಯೊಳಗೆ ಸೇರಿಕೊಂಡವು. ದೀಪವಿಲ್ಲದ ಸೈಕಲ್ಲಿಗೆ ಉಳಿದಿರುವುದು ಕೈಯೊಂದೇ, ಅದನ್ನೇ ನಾವು ಬಳಸುವುದಿಲ್ಲ. ತಿರುಗುವುದಕ್ಕೂ ದಾಟುವುದಕ್ಕೂ ಒಂದೇ ಸನ್ನೆಯಾದರೆ ಗೊಂದಲವಾಗದೇ ಎಂದು ಕೆಲವರು ಕೇಳುತ್ತಾರೆ. ಎದುರಿಗೆ ಬಸ್ಸು ನಿಂತಿರುವಾಗ ಎರಡರ ಅರ್ಥವೂ ಹಿಂದಿನವನಿಗೆ ಒಂದೇ: ಈತ ಬಲಕ್ಕೆ ಬರುತ್ತಿದ್ದಾನೆ.

ಇಷ್ಟೆಲ್ಲ ತಿಳಿದ ಮೇಲೆ ನಾವು ಹೊಸದಾಗಿ ಸನ್ಮಾರ್ಗ ಕಂಡವರ ಉತ್ಸಾಹದಲ್ಲಿ ಊರಿಗೆಲ್ಲ ಕೈ ಚಾಚಲು ಬೋಧಿಸತೊಡಗಿದೆವು. ಆ ಉತ್ಸಾಹಕ್ಕೆ ತಡೆ ಹಾಕಿದವರು ಮೀನಿನ ಕಾಕ. ಎಪ್ಪತ್ತರ ಹತ್ತಿರದ ಪ್ರಾಯ. ಪೋಂ ಪೋಂ ಎಂದು ರಬ್ಬರಿನ ಹಾರ್ನ್ ಒತ್ತುತ್ತಾ ಸೈಕಲ್ಲಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಬರುವವರಲ್ಲಿ ನಮ್ಮ ಕಡೆ ಉಳಿದಿರುವವರು ಅವರೊಬ್ಬರೇ. ಉಳಿದವರೆಲ್ಲ ಸ್ಕೂಟರಿಗೆ ಬದಲಾಗಿದ್ದಾರೆ. ನಮ್ಮ ಉಪದೇಶ ಕೇಳಿ ಅವರು ಸೈಕಲ್ಲನ್ನು ನಮ್ಮ ಕೈಗೆ ಕೊಟ್ಟು, "ಉಸ್ತಾದ್, ಸ್ವಲ್ಪ ತುಳಿದು ನೋಡಿ. ನೋಡಿ, ಬಲಗೈ ಬಿಡಿ" ಎಂದರು. ಬಿಟ್ಟೆವು. ಹಿಂದಿನ ಭಾರ ಹ್ಯಾಂಡಲನ್ನು ಕಿತ್ತುಕೊಂಡು ನಮ್ಮನ್ನು ನೇರವಾಗಿ ರಸ್ತೆಯ ನಡುವಿಗೆ ಎಳೆಯಿತು. ಬಂಗುಡೆಗಳೊಂದಿಗೆ ಉರುಳದೆ ಉಳಿದದ್ದು ಅಲ್ಲಾಹನ ಕೃಪೆ.

"ಹಾಗಾದರೆ ನೀವೇನು ಮಾಡುತ್ತೀರಿ?" ಎಂದು ಕೇಳಿದೆವು.

"ನಿಲ್ಲುತ್ತೇನೆ. ಬಸ್ಸು ನಿಂತರೆ ನಾನೂ ನಿಲ್ಲುತ್ತೇನೆ. ಅರ್ಧ ನಿಮಿಷದಲ್ಲಿ ಮೀನು ಹಳಸುವುದಿಲ್ಲ."

ನಲವತ್ತು ವರ್ಷ ಸೈಕಲ್ ತುಳಿದ ಮನುಷ್ಯನ ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸನ್ನೆ ಮಾಡಬೇಕೆಂಬ ನಿಯಮಕ್ಕೆ ಮೊದಲೇ ಇನ್ನೊಂದು ಪ್ರಶ್ನೆ ಇದೆಯೆಂದು ಅವರಿಂದ ಅರ್ಥವಾಯಿತು: ಈಗ ದಾಟಲೇಬೇಕೇ? ಹಿಂದೆ ಭಾರವಿದ್ದರೆ, ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದಿದ್ದರೆ (ಕರಾವಳಿಯಲ್ಲಿ ಇದನ್ನು ತಪ್ಪೆಂದು ಹೇಳುವವರೇ ಇಲ್ಲ), ಹೊಂಡದ ನೀರಿನ ಆಳ ತಿಳಿಯದಿದ್ದರೆ, ಕೈ ಬಿಡುವುದು ಅಪಾಯ. ಕೈ ಬಿಡಲಾಗದಿದ್ದರೆ ದಾಟುವ ಹಕ್ಕೂ ಇಲ್ಲವೆಂಬುದು ಈಗ ನಮ್ಮ ಅಭಿಪ್ರಾಯ. ನಮ್ಮಂತೆ ಕೈಚೀಲವೊಂದನ್ನೇ ಹೊತ್ತು ಹೋಗುವವರಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ನಮ್ಮ ಸೈಕಲ್ಲಿನಲ್ಲಿ ಬಲಗೈಯದು ಮುಂದಿನ ಚಕ್ರದ ಬ್ರೇಕು, ಎಡಗೈಯದು ಹಿಂದಿನದು. ಬಲಗೈ ಚಾಚಿದಾಗಲೂ ಹಿಂದಿನ ಬ್ರೇಕು ಕೈಯಲ್ಲೇ ಇರುತ್ತದೆ. ಅಭ್ಯಾಸ ಮಾಡಿದರೆ ವಾರದೊಳಗೆ ಒಗ್ಗುತ್ತದೆ. ನಲವತ್ತೈದರ ಪ್ರಾಯದಲ್ಲಿ ನಮಗೆ ಒಗ್ಗಿದೆ.

ಕ್ರಮ ಮಾತ್ರ ಮುಖ್ಯ. ಮೊದಲು ಹಿಂದಿರುಗಿ ನೋಡುವುದು, ಆಮೇಲೆ ಕೈ, ಆಮೇಲೆ ಮತ್ತೊಮ್ಮೆ ನೋಟ, ಕೊನೆಗೆ ಸರಿಯುವುದು. ಬಸ್ಸಿನ ಹಿಂಬದಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೈ ಚಾಚಿದರೆ ಅದು ಸೂಚನೆಯಲ್ಲ, ಘೋಷಣೆ. ಬಸ್ಸಿನ ಪಕ್ಕಕ್ಕೆ ಬರುವಷ್ಟರಲ್ಲಿ ಎರಡೂ ಕೈಗಳು ಹ್ಯಾಂಡಲಿನ ಮೇಲಿರಬೇಕು. ಯಾಕೆಂದರೆ ಅಲ್ಲಿಂದ ಮುಂದಿನ ಅಪಾಯಗಳು ಹಿಂದಿನಿಂದ ಬರುವುದಿಲ್ಲ. ಇಳಿದ ಮಗು ಬಸ್ಸಿನ ಮುಂಭಾಗದಿಂದ ರಸ್ತೆಗೆ ಓಡಿ ಬರಬಹುದು, ಕಂಡಕ್ಟರ್ "ರೈಟ್" ಅಂದೊಡನೆ ಬಸ್ಸೇ ಬಲಕ್ಕೆ ಹೊರಳಬಹುದು. ಆಗ ಬೇಕಾಗುವುದು ಬ್ರೇಕು ಮತ್ತು ಗಂಟೆ. ಇನ್ನು ಬಸ್ಸಿನ ಎಡಗಡೆಯಿಂದ, ಚರಂಡಿಯ ಅಂಚಿನಿಂದ ನುಸುಳುವ ಹುಡುಗರಿಗೆ ಯಾವ ಸನ್ನೆಯೂ ಸಮರ್ಥನೆಯಾಗದು. ಬಾಗಿಲು ಇರುವುದು ಆ ಬದಿಯಲ್ಲಿ, ಮುದುಕಿ ಕಾಲಿಡುವುದೂ ಅಲ್ಲಿಯೇ.

ನಿಂತ ಕಾರುಗಳದ್ದು ಇನ್ನೊಂದು ಕಥೆ. ಶುಕ್ರವಾರ ಜುಮಾದ ಹೊತ್ತಿಗೆ ನಮ್ಮ ಮಸೀದಿಯ ಮುಂದಿನ ರಸ್ತೆಯನ್ನು ನೋಡಬೇಕು. ಎರಡೂ ಬದಿಯಲ್ಲಿ ಕಾರುಗಳು, ಖುತ್ಬಾ ಆರಂಭವಾಗುವ ಅವಸರ, ಚಾಲಕನ ಬಾಗಿಲು ರಪ್ಪನೆ ತೆರೆಯುತ್ತದೆ. ನಮ್ಮ ದೇಶದಲ್ಲಿ ಚಾಲಕ ಬಲಬದಿಯಲ್ಲಿ ಕೂರುವುದರಿಂದ ಆ ಬಾಗಿಲು ತೆರೆಯುವುದು ಸೈಕಲ್ಲಿನವನು ಹೋಗುವ ಬದಿಗೇ. ಕಾರಿನಿಂದ ಒಂದು ಬಾಗಿಲಿನಷ್ಟು, ಅಂದರೆ ಸುಮಾರು ಒಂದು ಮೀಟರ್ ದೂರ ಇಟ್ಟುಕೊಂಡು ಹೋಗಬೇಕೆಂದು ಬ್ರಿಟನ್ನಿನ ರಸ್ತೆ ನಿಯಮಗಳು ಸೈಕಲ್ಲಿನವರಿಗೆ ಹೇಳುತ್ತವೆ. 2022ರಲ್ಲಿ ಅದೇ ನಿಯಮಗಳಿಗೆ ಕಾರಿನವರಿಗಾಗಿ ಇನ್ನೊಂದು ಮಾತು ಸೇರಿತು: ಬಾಗಿಲಿನ ಪಕ್ಕದ ಕೈಯಿಂದಲ್ಲ, ದೂರದ ಕೈಯಿಂದ ಬಾಗಿಲು ತೆರೆಯಿರಿ. ನಮ್ಮ ಚಾಲಕರ ಮಟ್ಟಿಗೆ ಅದು ಎಡಗೈ. ಎಡಗೈಯನ್ನು ಬಲಬಾಗಿಲಿಗೆ ಚಾಚಿದರೆ ಭುಜ ತಾನಾಗಿ ಹೊರಳುತ್ತದೆ, ಕಣ್ಣು ತಾನಾಗಿ ಹಿಂದಿನ ರಸ್ತೆಯನ್ನು ಕಾಣುತ್ತದೆ. ನೆದರ್‌ಲ್ಯಾಂಡ್ಸ್ ದೇಶದ ಹೆಸರಿನಲ್ಲಿ ಪ್ರಸಿದ್ಧವಾದ ಈ ಸಣ್ಣ ಅಭ್ಯಾಸವನ್ನು ನಾವು ಒಂದು ಶುಕ್ರವಾರ ನಮಾಝಿನ ಬಳಿಕ ಅಂಗಳದಲ್ಲಿ ಕೆಲವರಿಗೆ ಮಾಡಿ ತೋರಿಸಿದೆವು. ದಾರಿಬದಿಯಲ್ಲಿ ಕೂರುವವರಿಗೆ ದಾರಿಯ ಹಕ್ಕನ್ನು ಸಲ್ಲಿಸುವಂತೆ, ಹೋಗಿಬರುವವರಿಗೆ ತೊಂದರೆ ಕೊಡದಂತೆ ಪ್ರವಾದಿ(ಸ)ಯವರು ಕಲಿಸಿದ್ದನ್ನು ನೆನಪಿಸಿದೆವು. ಕಾರಿನಲ್ಲಿ ಕೂತವನೂ ದಾರಿಬದಿಯಲ್ಲಿ ಕೂತವನೇ ತಾನೇ?

ಮದ್ರಸದ ಮಕ್ಕಳಿಗೆ ಕಲಿಸಲು ಮಾತ್ರ ಬಾಯಿಮಾತು ಸಾಕಾಗಲಿಲ್ಲ. ಒಂದು ರಜಾದಿನ ಅಂಗಳದಲ್ಲಿ ಎರಡು ಬೆಂಚುಗಳನ್ನು ಉದ್ದಕ್ಕೆ ಇಟ್ಟು ಅದನ್ನೇ ಬಸ್ಸೆಂದು ಕರೆದೆವು. ಸುಣ್ಣದ ಪುಡಿಯಿಂದ ರಸ್ತೆಯ ಅಂಚು ಎಳೆದೆವು. ಒಬ್ಬನನ್ನು ಸ್ಕೂಟರ್ ಮಾಡಿ ಹಿಂದಿನಿಂದ ಓಡಿಸಿದೆವು. ಮಕ್ಕಳು ಕೈ ಚಾಚುವುದನ್ನು ಬೇಗನೆ ಕಲಿತರು, ಅಪಾಯ ಅಲ್ಲೇ ಇತ್ತು. ಹಿಂದಿರುಗಿ ನೋಡುವುದನ್ನು ಬಿಟ್ಟು, ಕೈಯೊಂದನ್ನು ಗುರಾಣಿಯಂತೆ ಚಾಚಿ ಬೆಂಚಿನ ಸುತ್ತ ತಿರುಗತೊಡಗಿದರು. ಸ್ಕೂಟರ್ ಹುಡುಗ ಎರಡು ಬಾರಿ ಡಿಕ್ಕಿ ಹೊಡೆದು ಗುರಾಣಿಯ ಬೆಲೆಯನ್ನು ತಿಳಿಸಿಕೊಟ್ಟ. ಆಗ ಆರನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಕೈ ತೋರಿಸಿದ ಮೇಲೆ ಹಿಂದಿನವರು ನಿಲ್ಲಲೇಬೇಕಲ್ಲವೇ ಉಸ್ತಾದ್?"

ಒಳ್ಳೆಯ ಪ್ರಶ್ನೆ. ಆ ವಾರವಷ್ಟೇ ಅವರಿಗೆ ಇನ್ನೊಬ್ಬರ ಮನೆಗೆ ಹೋಗುವಾಗಿನ ಮರ್ಯಾದೆಯ ಪಾಠವಾಗಿತ್ತು. ನಾವು ಅವಳಿಗೆ ಅದನ್ನೇ ಕೇಳಿದೆವು: "ಬಾಗಿಲಲ್ಲಿ ನಿಂತು ಸಲಾಂ ಹೇಳಿದ ಕೂಡಲೇ ಒಳಗೆ ನುಗ್ಗಬಹುದೇ ಮೋಳೇ?"

"ಇಲ್ಲ ಉಸ್ತಾದ್. ಒಳಗಿನಿಂದ ಬನ್ನಿ ಅನ್ನಬೇಕು. ಮೂರು ಸಲ ಹೇಳಿದರೂ ಉತ್ತರ ಬಾರದಿದ್ದರೆ ಮರಳಿ ಹೋಗಬೇಕು."

"ಕೈ ಚಾಚುವುದೂ ಸಲಾಂ ಹೇಳಿದ ಹಾಗೆ. ಹಿಂದಿನವರು ವೇಗ ತಗ್ಗಿಸಿದರೆ ಬನ್ನಿ ಎಂದರ್ಥ. ಹಾರ್ನ್ ಒತ್ತಿ ನುಗ್ಗಿ ಬಂದರೆ ಮನೆಯವರು ಕರೆಯಲಿಲ್ಲ."

"ಹಾಗಾದರೆ ಬಸ್ಸಿನ ಹಿಂದೆಯೇ ನಿಂತಿರಬೇಕಾ?" ಎಂದಳು. ಅವಳ ಮುಖದಲ್ಲಿ ಅಸಮಾಧಾನವಿತ್ತು, ಅದು ನ್ಯಾಯವೂ ಹೌದು. ಸ್ಕೂಟರಿನವನಿಗೆ ಇಲ್ಲದ ಕಾಯುವಿಕೆ ಸೈಕಲ್ಲಿನ ಮಗುವಿಗೆ ಏಕೆ? ಈ ಪ್ರಶ್ನೆಗೆ ನ್ಯಾಯದ ಉತ್ತರ ನಮ್ಮಲ್ಲಿ ಇಂದಿಗೂ ಇಲ್ಲ. ಬೀಳುವವರು ಯಾರು ಎಂಬುದನ್ನಷ್ಟೇ ಅವಳಿಗೆ ತೋರಿಸಿದೆವು.

ಹೆತ್ತವರಲ್ಲಿ ಕೆಲವರು, ಮದ್ರಸದಲ್ಲಿ ಇದೆಲ್ಲ ಏಕೆ ಎಂದರು. ಒಬ್ಬ ತಾಯಿ ಮಾತ್ರ ಮಾರನೆಯ ದಿನ ತಮ್ಮ ಮಗನ ಸೈಕಲ್ಲನ್ನು ತಂದು, "ಇದರ ಹಿಂದಿನ ಬ್ರೇಕು ಹಿಡಿಯುವುದೇ ಇಲ್ಲ ಉಸ್ತಾದ್, ಇವನು ಕೈ ಬಿಟ್ಟರೆ ಹೇಗೆ?" ಎಂದು ತೋರಿಸಿದರು. ಅಂದು ಅಂಗಳದಲ್ಲಿದ್ದ ಹದಿನಾಲ್ಕು ಸೈಕಲ್ಲುಗಳನ್ನು ಪರೀಕ್ಷಿಸಿದೆವು. ಐದರ ಹಿಂದಿನ ಬ್ರೇಕು ನೆಪಕ್ಕೆ ಮಾತ್ರ ಇತ್ತು. ಕೈಸನ್ನೆಯ ಪಾಠವನ್ನು ಒಂದು ವಾರ ಮುಂದೂಡಿ ಸೈಕಲ್ ಅಂಗಡಿಯವರನ್ನು ಕರೆಸಿದೆವು.

ಬಡಗಿಯ ಕೈ ಕೂಡಿದೆ, ಆದರೆ ಮೊದಲಿನಂತೆ ಪೂರ್ತಿ ಮಡಚುವುದಿಲ್ಲ. ಕೀಸುಳಿ ಹಿಡಿಯುವ ಬಗೆಯನ್ನು ಸ್ವಲ್ಪ ಬದಲಿಸಿಕೊಂಡಿದ್ದಾರೆ. ಕಳೆದ ತಿಂಗಳು ಅದೇ ಗೋಳಿಮರದ ಬಳಿ ಬಸ್ಸು ನಿಂತಿತು. ತಿರುಗಿ ನೋಡಿದಾಗ ಹಿಂದೆ ಎರಡು ಬೈಕುಗಳು, ಒಂದು ಪಿಕಪ್. ದಾಟುವುದು ಬೇಡವೆನ್ನಿಸಿ ಅಂಗೈಯನ್ನು ಕೆಳಮುಖ ಮಾಡಿ ಆಡಿಸಿ ನಿಧಾನ ಮಾಡಿದೆವು, ಕಾಲು ನೆಲಕ್ಕಿಟ್ಟೆವು. ಬೈಕುಗಳ ಹಿಂದಿನಿಂದ ಪರಿಚಿತ ಸ್ಕೂಟರೊಂದು ಬಂದು ನಮ್ಮ ಪಕ್ಕದಲ್ಲಿ ನಿಂತಿತು.

"ಹೋಗುವುದಿಲ್ಲವೇ ಉಸ್ತಾದರೇ?"

ಇಲ್ಲವೆಂದು ತಲೆಯಾಡಿಸಿದೆವು.

"ಹಾಗಾದರೆ ನಾನು ಹೋಗುತ್ತೇನೆ" ಎಂದು ಅವರು ಸರಿಯಾಗದ ಆ ಬಲಗೈಯನ್ನು ಚಾಚಿ ಹಿಂದಿನವರಿಗೆ ತೋರಿಸಿ, ಬಸ್ಸನ್ನು ದಾಟಿ ಹೋದರು.